ಕೊಳ್ಳೋ ಕೊಳಗ, ಕೊಡೋ ಕೊಳಗ

ನಮ್ಮಲ್ಲಿ ಪ್ರಾಮಾಣಿಕರಿಗೆ ಬರ ಬಂದಿದೆ ಅಂತ ಯಾರು ಹಬ್ಬಿಸಿದರೋ ಗೊತ್ತಿಲ್ಲ. ನಾನು ಕಂಡಂತೆ ಅವರಿಲ್ಲದ ಜಾಗವೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತ ಯಾರನ್ನಾದರೂ ಮಾತಿಗೆಳೆಯಿರಿ, ಬಸ್ಸು ಬರುವಷ್ಟರಲ್ಲಿ “ನಾನು ಒಬ್ಬರ ಐದು ಪೈಸೆ ಮುಟ್ಟಿದವನಲ್ಲ” ಎಂಬಲ್ಲಿಗೆ ಮಾತು ಬಂದಿರುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಎಡಗಡೆ ಕೂತವರು ಪ್ರಾಮಾಣಿಕರು, ಬಲಗಡೆ ಕೂತವರೂ ಪ್ರಾಮಾಣಿಕರು. ಹೋಳಿಗೆ ಬಡಿಸುವವನೊಬ್ಬ ಕಳ್ಳ, ಯಾಕೆಂದರೆ ಎರಡನೇ ಸಲ ಬರಲಿಲ್ಲ. ಕಚೇರಿಯ ಗುಮಾಸ್ತರನ್ನು ಕೇಳಿ: ಅವರು ಪ್ರಾಮಾಣಿಕರು, ಮೇಲಿನವರು ಹಾಳು. ಮೇಲಿನವರನ್ನು ಕೇಳಿ: ಅವರೂ ಪ್ರಾಮಾಣಿಕರು, ಕೆಳಗಿನವರು ಹಾಳು. ಶಾಸಕರನ್ನು ಕೇಳಿದರೆ ಜನ ಹಾಳು ಅನ್ನುತ್ತಾರೆ, ಮೈಕು ಆರಿಸಿದ ಮೇಲೆ. ಇಷ್ಟೊಂದು ಪ್ರಾಮಾಣಿಕರು ಸೇರಿರುವ ಊರಿನಲ್ಲಿ ಚರಂಡಿಯ ದುಡ್ಡು ಎಲ್ಲಿಗೆ ಹರಿದುಹೋಗುತ್ತದೆ ಎಂಬ ಲೆಕ್ಕ ನನಗಂತೂ ಬಗೆಹರಿದಿಲ್ಲ.

ಪಕ್ಕದ ಮನೆಯ ಸಾಹೇಬರು ತಾನು ಬಗೆಹರಿಸಿದ್ದೇನೆ ಅನ್ನುತ್ತಾರೆ. ಸಾಹೇಬರು ಅಂದರೆ ತಹಸೀಲ್ದಾರರೋ ಡಿವೈಎಸ್ಪಿಯೋ ಅಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಆ ಇಲಾಖೆಗೆ ಈಗ ‘ಕಾನೂನು ಮಾಪನಶಾಸ್ತ್ರ ಇಲಾಖೆ’ ಎಂದು ಬೋರ್ಡು ಬಿದ್ದಿದೆ. ಸಾಗರದ ಪೇಟೆಯಲ್ಲಿ ನಿಂತು ಆ ಹೆಸರು ಹೇಳಿ ದಾರಿ ಕೇಳಿದರೆ ಜಾತಕ ಬರೆಯುವವರ ಮನೆ ತೋರಿಸಿಯಾರು. ನಮ್ಮ ಬೀದಿಗೆ ಅವರು ತಕ್ಕಡಿ ಸಾಹೇಬರು. ಇಬ್ಬರ ಮನೆಗೂ ನಡುವೆ ಎದೆಮಟ್ಟದ ಕಂಪೌಂಡು. ಬೆಳಗ್ಗೆ ನಾನು ದಾಸವಾಳ ಕೊಯ್ಯುವ ಹೊತ್ತಿಗೆ (ಗಿಡ ಅವರದು, ಟೊಂಗೆ ನಮ್ಮದು, ಈ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ) ಅವರು ಹಲ್ಲುಜ್ಜುತ್ತ ಬರುತ್ತಾರೆ. ಪೇಪರು ನಮ್ಮನೆಗೆ ಬರುತ್ತದೆ, ಮೊದಲು ಓದುವವರು ಅವರು. ಹಾಗಾಗಿ ಯಾರು ಯಾರ ಋಣದಲ್ಲಿದ್ದೇವೆ ಅಂತ ಇಬ್ಬರೂ ತೂಗಲು ಹೋಗಿಲ್ಲ.

ಅವರ ಸಿದ್ಧಾಂತ ಇದು: “ಮನುಷ್ಯ ಪ್ರಾಮಾಣಿಕನಾ ಅಲ್ವಾ ಅಂತ ಕೇಳಬಾರದು ಮೇಷ್ಟ್ರೇ. ಕಡೇ ಸಲ ತೂಗಿ ನೋಡಿದ್ದು ಯಾವಾಗ ಅಂತ ಕೇಳಬೇಕು.”

ಮಾತಿನಲ್ಲಿ ಸ್ವಲ್ಪ ಇಲಾಖೆಯ ವಾಸನೆ ಇದೆ, ಒಪ್ಪುತ್ತೇನೆ. ಆದರೆ ಅವರು ಬದುಕಿಡೀ ನೋಡಿದ್ದು ಅದನ್ನೇ. ಕಬ್ಬಿಣದ ತೂಕದ ಬಟ್ಟನ್ನು ತಿರುಗಿಸಿ ನೋಡಿದ್ದರೆ ನಿಮಗೆ ನೆನಪಿರಬಹುದು, ತಳದಲ್ಲಿ ಒಂದು ತೂತು, ಅದರಲ್ಲಿ ತುಂಬಿದ ಸೀಸ, ಸೀಸದ ಮೇಲೆ ಇಲಾಖೆಯ ಮುದ್ರೆ. ಬಟ್ಟು, ಲೀಟರಿನ ಅಳತೆ, ಕೈತಕ್ಕಡಿ ಇವಕ್ಕೆ ಎರಡು ವರ್ಷಕ್ಕೊಮ್ಮೆ ಮುದ್ರೆ ಬೀಳಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ. ಯಾಕೆಂದರೆ ಕಬ್ಬಿಣವೂ ಸವೆಯುತ್ತದೆ. ಯಾರೂ ಮೋಸ ಮಾಡದಿದ್ದರೂ ಕಿಲೋ ಬಟ್ಟು ಕಾಲಾಂತರದಲ್ಲಿ ಕಿಲೋ ಆಗಿ ಉಳಿಯುವುದಿಲ್ಲ. ಈ ಮಾತು ಹೇಳುವಾಗ ಸಾಹೇಬರು ಟೂತ್‌ಬ್ರಷ್ಷನ್ನು ಬಾಯಿಂದ ತೆಗೆಯುತ್ತಾರೆ. ಅಷ್ಟು ಗೌರವ.

ಹಳೇ ಕಾಲದ ತಕ್ಕಡಿ ಕಳ್ಳರ ಮೇಲೂ ಅವರಿಗೆ ಒಂದು ಬಗೆಯ ಗೌರವವಿದೆ. ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸುವವರು, ತಳದ ಸೀಸ ಕೆರೆದು ಮೇಣ ತುಂಬಿ ಮಸಿ ಬಳಿಯುವವರು, ತೂಗುವಾಗ ಗಿರಾಕಿಯ ಮಗಳ ಮದುವೆ ವಿಚಾರ ತೆಗೆದು ಕಿರುಬೆರಳಿನಿಂದ ದಂಡಿಗೆ ಒತ್ತುವವರು. “ಅದಕ್ಕೆಲ್ಲ ಕೈಗುಣ ಬೇಕಿತ್ತು ಮಾರಾಯ್ರೆ,” ಅನ್ನುತ್ತಾರೆ. “ಈಗ ಎಂತ? ಸ್ವೀಟಿನ ಅಂಗಡೀಲಿ ಕಾಗದದ ಡಬ್ಬೀನ ಮೈಸೂರು ಪಾಕಿನ ರೇಟಿಗೆ ತೂಗಿ ಕೊಡ್ತಾರೆ. ಅದ್ರಲ್ಲಿ ಕಲೆ ಎಲ್ಲಿದೆ?”

ಇಷ್ಟು ಕಟ್ಟುನಿಟ್ಟಿನ ಮನುಷ್ಯನನ್ನು ಪೇಟೆಯವರು ಹೊತ್ತು ಮೆರೆಸಿರಬೇಕು ಅಂದುಕೊಂಡರೆ ನಿಮಗೆ ಪೇಟೆ ಗೊತ್ತಿಲ್ಲ. ಅವರು ಇದ್ದ ಊರಿನಲ್ಲೆಲ್ಲ ಅಂಗಡಿಯವರಷ್ಟೇ ಗಿರಾಕಿಗಳೂ ಬೈದಿದ್ದಾರಂತೆ. ಸಂತೆಯ ದಿನ ತಕ್ಕಡಿ ಹಿಡಿದರೆ “ಪಾಪ, ಬಡವರು ಸ್ವಾಮಿ, ಬಿಡಿ” ಅನ್ನುವವರು ಮೋಸ ಹೋದವರೇ. ವರ್ಗವಾದಾಗ ಬೀಳ್ಕೊಡುಗೆ, ಹಾರ, ಶಾಲು, “ಇಂಥ ನಿಷ್ಠಾವಂತ ಅಧಿಕಾರಿ ಮತ್ತೆ ಸಿಗಲಾರರು” ಎಂಬ ಭಾಷಣ. ಭಾಷಣ ಮಾಡಿದವನ ಮುಖದಲ್ಲಿ ಮತ್ತೆ ಸಿಗದಿರಲಿ ಎಂಬ ಹಾರೈಕೆ. ಇದು ಅವರೊಬ್ಬರ ಕಥೆ ಅಲ್ಲ. ನಿಷ್ಠಾವಂತ ಅಧಿಕಾರಿ ನಮಗೆಲ್ಲ ಬೇಕು. ಪಕ್ಕದ ತಾಲ್ಲೂಕಿಗೆ ಬೇಕು. ನಮ್ಮ ತಾಲ್ಲೂಕಿಗೆ ಸ್ವಲ್ಪ ನೋಡಿಕೊಂಡು ಹೋಗುವವರು ಸಾಕು.

ಇದಕ್ಕಿಂತ ಸೋಜಿಗದ ಇನ್ನೊಂದು ಜಾತಿಯ ಪ್ರಾಮಾಣಿಕತೆ ನಮ್ಮಲ್ಲಿ ಬೆಳೆದಿದೆ. “ತಗೊಳ್ತಾನೆ, ಆದ್ರೆ ತಗೊಂಡ್ಮೇಲೆ ಕೆಲಸ ಮಾಡಿಕೊಡ್ತಾನೆ. ಮೋಸ ಇಲ್ಲ.” ಈ ಸರ್ಟಿಫಿಕೇಟನ್ನು ನೀವು ಕೇಳಿಲ್ಲ ಅಂದರೆ ನೀವು ಯಾವ ಕಚೇರಿಗೂ ಹೋಗಿಲ್ಲ. ಇದರಲ್ಲೂ ದರ್ಜೆಗಳಿವೆ. ಕೆಲಸ ಆದ ಮೇಲೆ ತೆಗೆದುಕೊಳ್ಳುವವನು ಉತ್ತಮ, ಮೊದಲೇ ತೆಗೆದುಕೊಂಡು ಮಾಡಿಕೊಡುವವನು ಮಧ್ಯಮ, ತೆಗೆದುಕೊಂಡು ಅಲೆಸುವವನು ಅಧಮ. ಕೆಲಸವಾಗದಿದ್ದರೆ ದುಡ್ಡು ವಾಪಸು ಕೊಡುವವನನ್ನು ಜನ ಬಹುತೇಕ ಸಂತರ ಸಾಲಿಗೆ ಸೇರಿಸುತ್ತಾರೆ. ತೆಗೆದುಕೊಳ್ಳದೇ ಮಾಡಿಕೊಡುವವನು? ಅವನ ಮೇಲೆ ಸಣ್ಣ ಅನುಮಾನ. “ಯಾಕೋ ದುಡ್ಡು ಮುಟ್ಟಲಿಲ್ಲ, ಫೈಲು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೋ” ಅಂತ ದಾರಿಯುದ್ದಕ್ಕೂ ಚಿಂತೆ ಮಾಡಿಕೊಂಡು ಬಂದವರನ್ನು ನಾನೇ ಬಲ್ಲೆ.

ಅಳತೆಯ ಮಾತು ಬಂದಾಗಲೆಲ್ಲ ಸಾಹೇಬರು ಕಂಪೌಂಡಿನ ಮೇಲೆ ಮೊಣಕೈ ಊರಿ, ಕಾಗೋಡಿನ ದಿಕ್ಕಿಗೆ ಬೆರಳು ತೋರಿಸುತ್ತಾರೆ. ನಮ್ಮೂರಿಂದ ಕಾಗೋಡು ದೂರವೇನಲ್ಲ. 1951ರಲ್ಲಿ ಅಲ್ಲಿ ನಡೆದ ರೈತ ಸತ್ಯಾಗ್ರಹದ ಹೆಸರು ಪಾಠದ ಪುಸ್ತಕದಿಂದ ಎಲ್ಲರಿಗೂ ಗೊತ್ತು, ಕಿಡಿ ಎಲ್ಲಿ ಹೊತ್ತಿತು ಎಂಬುದು ಅಷ್ಟು ಗೊತ್ತಿಲ್ಲ. ಗೇಣಿ ಭತ್ತ ಅಳೆಯುವ ಕೊಳಗದಲ್ಲಿ ಹೊತ್ತಿತು. ಉಳುವವನು ಧಣಿಗೆ ಗೇಣಿ ಅಳೆಯುವಾಗ ಬರುವ ಕೊಳಗ ವಾಡಿಕೆಯದಕ್ಕಿಂತ ದೊಡ್ಡದಾಗಿತ್ತು. ಕೊಳಗ ಒಂದೇ ಹೆಸರಿನದು, ಹೊಟ್ಟೆ ಬೇರೆ. ಎಚ್. ಗಣಪತಿಯಪ್ಪನವರು ದೀವರ ಗೇಣಿದಾರರನ್ನು ಸಂಘ ಕಟ್ಟಿ ಕೂರಿಸಿ ಕೇಳಿಸಿದ ಪ್ರಶ್ನೆ ತುಂಬ ಸರಳವಾದದ್ದು: ಒಂದು ಕೊಳಗ ಅಂದರೆ ಎಷ್ಟು ಸೇರು? ಧಣಿಗಳು ಆ ಪ್ರಶ್ನೆಗೆ ಉತ್ತರ ಕೊಡುವ ಬದಲು ಕೇಳಿದವರನ್ನು ಹೊಲದಿಂದ ಬಿಡಿಸಲು ಹೊರಟರು. ಆಮೇಲೆ ಶಾಂತವೇರಿ ಗೋಪಾಲಗೌಡರು ಬಂದರು, ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು, ದೇಶಕ್ಕೆಲ್ಲ ಸುದ್ದಿಯಾಯಿತು. ಉಳುವವನೇ ಹೊಲದೊಡೆಯ ಎಂಬ ಮಾತು 1974ರ ಭೂಸುಧಾರಣೆಯ ತಿದ್ದುಪಡಿಯಾಗಿ ಬರುವ ದಾರಿಯಲ್ಲಿ ಈ ಕೊಳಗವೂ ಇತ್ತು.

ನನಗೆ ಇದರಲ್ಲಿ ಇಷ್ಟವಾಗುವುದು ಗಣಪತಿಯಪ್ಪನವರ ಜಾಣತನ. ಧಣಿ ಒಳ್ಳೆಯವನೋ ಕೆಟ್ಟವನೋ ಎಂಬ ಚರ್ಚೆಗೆ ಇಳಿದಿದ್ದರೆ ಇವತ್ತಿಗೂ ಮುಗಿಯುತ್ತಿರಲಿಲ್ಲ. ಧಣಿಗಳಲ್ಲಿ ದಾನಿಗಳೂ ಇದ್ದರು, ದೇವರಿಗೆ ದೀಪ ಹಚ್ಚುವವರೂ ಇದ್ದರು, ರೈತನ ಮನೆಯ ಮದುವೆಗೆ ಅಕ್ಕಿ ಕಳಿಸುವವರೂ ಇದ್ದಿರಬೇಕು. ಅದೆಲ್ಲ ಇರಲಿ, ಕೊಳಗ ಇಳಿಸಿ, ಅಳೆಯೋಣ ಅಂದರು.

ಧಣಿಗಳು ಹೋದರು. ಕೊಳಗ ಹೋಗಿ ಕಿಲೋ ಬಂತು. ಆದರೆ ಕೊಳ್ಳುವುದಕ್ಕೊಂದು, ಕೊಡುವುದಕ್ಕೊಂದು ಅಂತ ಎರಡು ಕೊಳಗ ಇಟ್ಟುಕೊಳ್ಳುವ ಚಾಳಿ ಹೋಗಿಲ್ಲ. ಎಲ್ಲರ ಮನೆಯ ಅಟ್ಟದ ಮೇಲೂ ಒಂದು ಜೊತೆ ಇದೆ. ನಮ್ಮ ದೂರದ ಭಾವನೊಬ್ಬರು ಸರ್ಕಾರಿ ಭ್ರಷ್ಟಾಚಾರದ ಬಗ್ಗೆ ಮಾತಿಗೆ ಕೂತರೆ ಕಾಫಿ ಆರಿಹೋಗುತ್ತದೆ. ಅವರೇ ಮಂಡಿಗೆ ಕಳಿಸುವ ರಾಶಿ ಅಡಿಕೆಯ ಮೂಟೆಯಲ್ಲಿ ಅಡಿಯಿಂದ ಎಷ್ಟು ಮೇಲಕ್ಕೆ ಕೀಳು ದರ್ಜೆಯ ಗೊರಬಲು ಇರುತ್ತದೆ ಎಂಬುದು ಹಮಾಲರಿಗೆ ಗೊತ್ತು. ಕೇಳಿದರೆ “ಮಂಡಿಯವರು ಏನು ಸಾಚಾನಾ? ಮಾದರಿ ಅಂತ ಹಿಡಿಹಿಡಿ ತೆಗೀತಾರೆ, ತೇವ ಅಂತ ತೂಕ ಕಡೀತಾರೆ” ಅನ್ನುತ್ತಾರೆ. ಅದೂ ಸುಳ್ಳಲ್ಲ. ಹೀಗೆ ಒಬ್ಬರ ಸುಳ್ಳಿಗೆ ಇನ್ನೊಬ್ಬರ ಸುಳ್ಳು ಸರಿಹೋಗಿ ಕಡೆಗೆ ನ್ಯಾಯವಾದ ಬೆಲೆಯೇ ಬಂದುಬಿಡುತ್ತದೋ ಏನೋ! ಜಾಗ ಕೊಂಡವರನ್ನು ಕೇಳಿ. ಒಂದು ರೇಟು ನೋಂದಣಿ ಪತ್ರದಲ್ಲಿ, ಒಂದು ರೇಟು ಬಾಯಲ್ಲಿ. ಕಾಗದದ ರೇಟನ್ನು ಮಾರ್ಗಸೂಚಿ ಬೆಲೆ ಅನ್ನುತ್ತಾರೆ. ಮಾರ್ಗ ಯಾವ ಕಡೆಗೆ ಅಂತ ಮಾತ್ರ ಸೂಚಿಸುವುದಿಲ್ಲ.

ಸರ್ಕಾರಿ ಬಸ್ಸು ಹತ್ತಿದರೆ ಮಕ್ಕಳಿಗೂ ಈ ಪಾಠ ಶುರು. ಆರು ವರ್ಷ ತುಂಬಿದ ಮಗುವಿಗೆ ಅರ್ಧ ಟಿಕೆಟು. ಆದ್ದರಿಂದ ನಮ್ಮ ಬಸ್ಸುಗಳಲ್ಲಿ ಮೂರನೇ ಕ್ಲಾಸಿನ ಪುಸ್ತಕ ಓದುವ ಐದು ವರ್ಷದ ಪ್ರತಿಭಾವಂತರು ಬಹಳ. 2023ರ ಜೂನಿನಿಂದ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಟಿಕೆಟಿಲ್ಲ. ಅಲ್ಲಿಂದೀಚೆಗೆ ಹುಡುಗಿಯರೆಲ್ಲ ತಮ್ಮ ನಿಜವಾದ ವಯಸ್ಸಿಗೆ ಬಂದಿದ್ದಾರೆ, ಹುಡುಗರು ಮಾತ್ರ ಇನ್ನೂ ಐದರಲ್ಲೇ ನಿಂತಿದ್ದಾರೆ. ಮೊನ್ನೆ ಕಂಡಕ್ಟರು “ಎಷ್ಟು ವರ್ಷ ಮರಿ?” ಅಂದಾಗ ಹುಡುಗ ಅಮ್ಮನ ಮುಖ ನೋಡಿ “ಬಸ್ಸಲ್ಲಾ?” ಅಂದ. ಕಂಡಕ್ಟರು ನಕ್ಕು ಮುಂದೆ ಹೋದರು. ಹುಡುಗ ಹೇಳಿದ್ದು ಒಂದೂ ಸುಳ್ಳಲ್ಲ ನೋಡಿ.

ಇದನ್ನೆಲ್ಲ ಸರಿಮಾಡಲು ಶಾಲೆಯಲ್ಲಿ ನಾವು ಕಥೆ ಹೇಳುತ್ತೇವೆ. ಮೇಷ್ಟ್ರ ಕೆಲಸದಲ್ಲಿ ನಾನು ಅತಿ ಹೆಚ್ಚು ಸಲ ಹೇಳಿದ ಕಥೆ ಎರಡು ಮೇಣದಬತ್ತಿಯದು. ವಿಶ್ವೇಶ್ವರಯ್ಯನವರು ಸರ್ಕಾರದ ಕೆಲಸ ಮುಗಿದ ತಕ್ಷಣ ಸರ್ಕಾರದ ಮೇಣದಬತ್ತಿ ಆರಿಸಿ, ಸ್ವಂತ ಕಾಗದ ಬರೆಯಲು ಸ್ವಂತ ಬತ್ತಿ ಹಚ್ಚಿದರಂತೆ. ಸೊಗಸಾದ ಕಥೆ. ತೊಂದರೆ ಏನೆಂದರೆ ಇದೇ ಕಥೆ ಚಾಣಕ್ಯನ ಬಗ್ಗೆಯೂ ಇದೆ, ಅಲ್ಲಿ ಎಣ್ಣೆಯ ದೀಪ. ಅರಬ್ ದೇಶದ ಖಲೀಫರೊಬ್ಬರ ಬಗ್ಗೆಯೂ ಇದೆ. ದೀಪ ಒಂದೇ, ಶತಮಾನದಿಂದ ಶತಮಾನಕ್ಕೆ ಮನೆ ಬದಲಾಯಿಸುತ್ತ ಬಂದಿದೆ. ಅಲ್ಲದೆ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಸರ್ ಎಂ.ವಿ. ದಿವಾನರಾದದ್ದು 1912ರಲ್ಲಿ. ಹಾಗಾದರೆ ಅವರು ಬತ್ತಿ ಹಚ್ಚಿದ್ದು ಪ್ರವಾಸಿ ಬಂಗಲೆಯಲ್ಲಿ ಅಂತ ಇಟ್ಟುಕೊಳ್ಳೋಣ. ನನ್ನ ತಕರಾರು ಬತ್ತಿಯ ಮೇಲಲ್ಲ. ಈ ಕಥೆ ಕೇಳಿದ ಮಗುವಿಗೆ ಪ್ರಾಮಾಣಿಕತೆ ಅಂದರೆ ದೊಡ್ಡವರು ರಾತ್ರಿ ಹೊತ್ತು ಒಬ್ಬರೇ ಕೂತು ಮಾಡುವ ಪೂಜೆ ಅನ್ನಿಸುತ್ತದೆ. ಅದೇ ಮನುಷ್ಯ ಒಪ್ಪದ ನೀತಿಯೊಂದಕ್ಕಾಗಿ 1918ರಲ್ಲಿ ದಿವಾನಗಿರಿಯನ್ನೇ ಬಿಟ್ಟು ಹೋದರು. ಅವರ ಅಭಿಪ್ರಾಯ ಸರಿಯೋ ತಪ್ಪೋ, ಹಿಂದುಳಿದವರಿಗೆ ಮೀಸಲು ಕೊಡುವ ವಿಚಾರದಲ್ಲಿ ಅದು ತಪ್ಪು ಅಂತಲೇ ನನ್ನ ಎಣಿಕೆ. ಆದರೆ ಒಳಗೊಂದು ಹೊರಗೊಂದು ಇಟ್ಟುಕೊಂಡು ಕುರ್ಚಿಯಲ್ಲಿ ಕೂರಲಿಲ್ಲ. ಇದನ್ನು ಪಾಠದಲ್ಲಿ ಹೇಳಿದರೆ ಮಕ್ಕಳು ಪ್ರಶ್ನೆ ಕೇಳುತ್ತಾರೆ. ಮೇಣದಬತ್ತಿಯಾದರೆ ಕೇಳುವುದಿಲ್ಲ.

ಚುನಾವಣೆಯ ಮಾತು ಬಾರದೆ ಯಾವ ಕಂಪೌಂಡಿನ ಹರಟೆಯೂ ಮುಗಿದದ್ದಿಲ್ಲ. 1952ರ ಮೊದಲ ಚುನಾವಣೆಗೆ ಸಾಗರ–ಹೊಸನಗರದಲ್ಲಿ ಗೋಪಾಲಗೌಡರು ನಿಂತಾಗ ಕೈಯಲ್ಲಿ ಕಾಸಿಲ್ಲ. ಒಂದು ಓಟು, ಒಂದು ನೋಟು ಅಂತ ಜನರನ್ನೇ ಕೇಳಿದರು. ಕಾಗೋಡಿನ ನೆನಪು ಹಸಿಯಾಗಿದ್ದ ಕಾಲ. ಗೇಣಿ ಕೊಟ್ಟು ಬರಿಗೈಯಾದವರು ಒಂದು ರೂಪಾಯಿ ಕೊಟ್ಟು ಗೆಲ್ಲಿಸಿ ಕಳಿಸಿದರು. ಇವತ್ತೂ ಓಟಿಗೆ ನೋಟಿದೆ, ಹೋಗುವ ದಿಕ್ಕು ತಿರುಗಿದೆ. ಕಾನೂನಿನ ಪ್ರಕಾರ ನಮ್ಮ ರಾಜ್ಯದಲ್ಲಿ ವಿಧಾನಸಭೆಗೆ ನಿಂತವರು 40 ಲಕ್ಷ ರೂಪಾಯಿ ಮೀರಿ ಖರ್ಚು ಮಾಡುವಂತಿಲ್ಲ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಬೇಕು. ಬಹುಪಾಲು ಜನ ಕೊಡುತ್ತಾರೆ. ಹೆಚ್ಚಿನವರದು ಮಿತಿಯ ಒಳಗೇ ಇರುತ್ತದೆ. ಕನ್ನಡದಲ್ಲಿ ಕಾದಂಬರಿ ಓದುವವರು ಕಡಿಮೆಯಾದರು ಅಂತ ಕೊರಗುವವರು ಈ ಲೆಕ್ಕಪತ್ರಗಳನ್ನು ತರಿಸಿ ಓದಬಹುದು.

ಸಾಹೇಬರಿಗೆ ಇದರಲ್ಲಿ ವಿಚಿತ್ರವಾಗಿ ಕಾಣುವುದು ಬೇರೆ. “ದುಡ್ಡು ಹಂಚುವವನು ಆಣೆ ಹಾಕಿಸಿಕೊಳ್ತಾನೆ ಮಾರಾಯ್ರೆ, ದೇವರ ಫೋಟೋ ಮುಟ್ಟಿಸಿ. ತಗೊಂಡವರು ಎಂತ ಮಾಡ್ತಾರೆ? ಮಾತಿಗೆ ತಪ್ಪಬಾರದು ಅಂತ ಅವನಿಗೇ ಹಾಕ್ತಾರೆ!” ನಿಜ. ನಮ್ಮ ಜನರಿಗೆ ಸತ್ಯದ ಭಯ ಹೋಗಿದೆ ಅನ್ನುವವರು ಇದನ್ನು ಗಮನಿಸಬೇಕು. ಭಯ ಇದೆ, ಭದ್ರವಾಗಿಯೇ ಇದೆ. ತಪ್ಪು ಕೈಗೆ ಒತ್ತೆ ಬಿದ್ದಿದೆ.

ಆಣೆಯ ಮಾತಿಗೆ ನೆನಪಾಯಿತು. 2011ರ ಜೂನ್‌ನಲ್ಲಿ ಆಗಿನ ಮುಖ್ಯಮಂತ್ರಿಗಳು ಒಬ್ಬ ಮಾಜಿ ಮುಖ್ಯಮಂತ್ರಿಗಳಿಗೆ ಧರ್ಮಸ್ಥಳಕ್ಕೆ ಬಂದು ಮಂಜುನಾಥನ ಮುಂದೆ ಆಣೆ ಮಾಡಿ ಅಂತ ಸವಾಲು ಹಾಕಿದರು. ರಾಜ್ಯಕ್ಕೆ ರಾಜ್ಯವೇ ಟಿ.ವಿ. ಮುಂದೆ ಕೂತಿತು. ಹೇಳಿದ ದಿನ ಇಬ್ಬರೂ ಹೋದರು, ಇಬ್ಬರೂ ಕೈಮುಗಿದರು, ಆಣೆ ಒಂದು ಆಗಲಿಲ್ಲ. ಅವತ್ತು ನಮ್ಮ ಬೀದಿಯಲ್ಲಿ ಬಹಳ ಜನಕ್ಕೆ ನಿರಾಸೆಯಾಯಿತು. ನನಗೆ ಸಮಾಧಾನವೇ ಆಯಿತು. ಆರು ಕೋಟಿಗೂ ಹೆಚ್ಚು ಜನರ ಖಜಾನೆಯ ಲೆಕ್ಕವನ್ನು ದೇವರು ನೋಡಿಕೊಳ್ಳಲಿ ಅಂತ ಬಿಡುವುದಾದರೆ ಮಹಾಲೇಖಪಾಲರ ಕಚೇರಿ ಯಾಕೆ, ಲೋಕಾಯುಕ್ತ ಯಾಕೆ?

ಲೋಕಾಯುಕ್ತ ಕಾಯ್ದೆ ನಮ್ಮಲ್ಲಿ ಬಂದದ್ದು 1984ರಲ್ಲಿ, ರಾಮಕೃಷ್ಣ ಹೆಗಡೆಯವರು ‘ಮೌಲ್ಯಾಧಾರಿತ ರಾಜಕಾರಣ’ ಎಂಬ ಮಾತನ್ನು ಚಲಾವಣೆಗೆ ತಂದ ಕಾಲದಲ್ಲಿ. ಹೆಗಡೆಯವರೇ 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದಿಂದ ಕೆಳಗಿಳಿದರು ಎಂಬುದೂ ಇದೇ ಚರಿತ್ರೆಯ ಭಾಗ. ಜನರ ಬಾಯಲ್ಲಿ ಲೋಕಾಯುಕ್ತ ಎಂಬ ಶಬ್ದ ಸಲೀಸಾದದ್ದು 2001ರಿಂದ 2006ರವರೆಗೆ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು ಆ ಸ್ಥಾನದಲ್ಲಿ ಕೂತು ಆಸ್ಪತ್ರೆ, ಕಚೇರಿ, ಚೆಕ್‌ಪೋಸ್ಟುಗಳಿಗೆ ನುಗ್ಗತೊಡಗಿದ ಮೇಲೆ. ಆಗ ಸಾಹೇಬರ ಇಲಾಖೆಯವರೂ ಅಂಗಿಯ ಜೇಬು ಹೊಲಿಸಿಕೊಂಡಿದ್ದರಂತೆ. ಬಲೆಯ ಕ್ರಮ ಸಾಹೇಬರಿಗೆ ಬಾಯಿಪಾಠ: ನೋಟಿಗೆ ಫಿನಾಲ್ಫ್ತಲೀನ್ ಪುಡಿ ಸವರಿ ಕೊಡುತ್ತಾರೆ, ಕಣ್ಣಿಗೆ ಕಾಣದು. ತೆಗೆದುಕೊಂಡವನ ಕೈಯನ್ನು ಸೋಡಿಯಂ ಕಾರ್ಬೋನೇಟಿನ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ. ಆ ನೀರನ್ನು ಶೀಶೆಗೆ ತುಂಬಿ ಮೊಹರು ಮಾಡುತ್ತಾರೆ, ಅದೇ ಸಾಕ್ಷಿ. “ಕೊಟ್ಟವನ ಕೈಯನ್ನೂ ಅದ್ದಿಸಬೇಕು” ಅಂತ ಸಾಹೇಬರು ಆಗಲೇ ಹೇಳುತ್ತಿದ್ದರು. 2018ರ ತಿದ್ದುಪಡಿಯಲ್ಲಿ ಅದೂ ಆಯಿತು. ಲಂಚ ಕೊಡುವುದೂ ಅಪರಾಧ, ಏಳು ವರ್ಷದವರೆಗೆ ಶಿಕ್ಷೆ. ಬಲವಂತದಿಂದ ಕೊಟ್ಟಿದ್ದರೆ ಏಳು ದಿನದೊಳಗೆ ಹೋಗಿ ಹೇಳಬೇಕು. ಈ ಸುದ್ದಿ ಪೇಪರಿನಲ್ಲಿ ಬಂದ ದಿನ ನಮ್ಮ ಬೀದಿಯಲ್ಲಿ ಯಾರೂ ಅದನ್ನು ಗಟ್ಟಿಯಾಗಿ ಓದಲಿಲ್ಲ.

ಇಲ್ಲೂ ಕೊಳಗದ ಕಥೆಯೇ ಬರುತ್ತದೆ. 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ಎಂಬ ಹೊಸ ಅಂಗಡಿ ತೆರೆದು, ಲೋಕಾಯುಕ್ತ ಪೊಲೀಸರ ಕೈಯಲ್ಲಿದ್ದ ಅಧಿಕಾರ ತೆಗೆದು ಅದಕ್ಕೆ ಕೊಟ್ಟಿತು. ಆ ದಳ ಉತ್ತರ ಹೇಳಬೇಕಾದ್ದು ಮುಖ್ಯಮಂತ್ರಿಗಳಿಗೆ. ಅಂದರೆ ಅಳೆಯುವ ಕೊಳಗ ಮತ್ತೆ ಧಣಿಯ ಅಟ್ಟಕ್ಕೇ ಹೋಯಿತು. ಹೈಕೋರ್ಟು 2022ರ ಆಗಸ್ಟ್‌ನಲ್ಲಿ ಅದನ್ನು ರದ್ದುಮಾಡಿ ಅಧಿಕಾರವನ್ನು ವಾಪಸು ಕೊಡಿಸಿತು. ಅದಕ್ಕೆ ಮೊದಲು, 2015ರಲ್ಲಿ, ಲೋಕಾಯುಕ್ತ ಕಚೇರಿಯ ಒಳಗೇ ಹಣ ಕೀಳುವ ಆರೋಪ ಎದ್ದು ಲೋಕಾಯುಕ್ತರೇ ರಾಜೀನಾಮೆ ಕೊಡಬೇಕಾಯಿತು ಎಂಬುದನ್ನೂ ಮರೆಯುವಂತಿಲ್ಲ. ತೂಕ ನೋಡುವವನ ಬಟ್ಟಿಗೂ ಮುದ್ರೆ ಬೇಕು. ಸಾಹೇಬರು ಇನ್ಸ್‌ಪೆಕ್ಟರಾಗಿದ್ದಾಗ ಅವರ ಕೈಯ ಮಾದರಿ ಬಟ್ಟುಗಳನ್ನೂ ಮೇಲಿನ ಪ್ರಯೋಗಾಲಯದಲ್ಲಿ ಕಾಲಕಾಲಕ್ಕೆ ಹೋಲಿಸಿ ನೋಡುತ್ತಿದ್ದರು. ಅದರಿಂದ ತನಗೆ ಅವಮಾನವಾಯಿತು ಅಂತ ಅವರು ಯಾವತ್ತೂ ಹೇಳಿದ್ದಿಲ್ಲ. ನಮ್ಮ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡಬೇಕು ಎಂಬ ನಿಯಮವಿದೆ. ಜುಲೈ ಬಂದರೆ ಪೇಪರಿನಲ್ಲಿ ಕೊಡದವರ ಪಟ್ಟಿ ಬರುತ್ತದೆ. ಮರೆತಿದ್ದರು, ಪ್ರವಾಸದಲ್ಲಿದ್ದರು, ಲೆಕ್ಕ ಪರಿಶೋಧಕರಿಗೆ ಹುಷಾರಿರಲಿಲ್ಲ. ಹೋಮ್‌ವರ್ಕ್ ಮಾಡದ ಹುಡುಗರಿಂದ ನಾನು ಕೇಳಿದ್ದಕ್ಕಿಂತ ಹೊಸದು ಒಂದೂ ಇಲ್ಲ.

ಕೈ ಕಟ್ಟಿದರೆ ಕಳ್ಳತನ ನಿಲ್ಲುವುದಿಲ್ಲ ಅನ್ನುವವರಿಗೆ ಸಾಹೇಬರು ಪಹಣಿ ತೋರಿಸುತ್ತಾರೆ. ಕೈಬರಹದ ಪಹಣಿ ಇದ್ದ ಕಾಲದಲ್ಲಿ ಗ್ರಾಮ ಲೆಕ್ಕಿಗರ ಮನೆ ಬಾಗಿಲಲ್ಲಿ ಕಾಯಬೇಕಿತ್ತು. ಇಂಕು ಮುಗಿದಿದೆ, ಪುಸ್ತಕ ತಾಲ್ಲೂಕಿಗೆ ಹೋಗಿದೆ, ನಾಳೆ ಬಾ. ಹೊಲದ ಒಡೆಯ ಒಂದು ಮಳೆಗಾಲದಲ್ಲಿ ಬದಲಾಗಿಬಿಟ್ಟ ಉದಾಹರಣೆಗಳೂ ಇದ್ದವು. 2001ರ ಸುಮಾರಿಗೆ ‘ಭೂಮಿ’ ಯೋಜನೆ ಬಂತು. 15 ರೂಪಾಯಿ ಕೊಟ್ಟು ಸಾಲಿನಲ್ಲಿ ನಿಂತರೆ ಪಹಣಿ. ಲೆಕ್ಕಿಗರು ಒಂದೇ ರಾತ್ರಿಯಲ್ಲಿ ಹರಿಶ್ಚಂದ್ರರಾದರೇ? ಪಹಣಿಯ ಮಟ್ಟಿಗೆ ಅವರ ಹರಿಶ್ಚಂದ್ರತನದ ಅಗತ್ಯವೇ ಬೀಳಲಿಲ್ಲ. ಖಾತೆ ಬದಲಾವಣೆಯಂತಹ ಕೆಲಸ, ಇನ್ನೂ ಒಬ್ಬರ ಮರ್ಜಿಗೆ ಕಾಯುವಂಥದ್ದು, ಅಲ್ಲಿ ಹಳೇ ಸಂಪ್ರದಾಯ ಮುಂದುವರಿದಿದೆ.

ಇಷ್ಟರವರೆಗೆ ಸಾಹೇಬರ ಮಾತಿಗೆ ನಾನು ತಲೆಯಾಡಿಸುತ್ತೇನೆ. ಆಮೇಲೆ ನಮ್ಮ ಜಗಳ. ಎಲ್ಲವನ್ನೂ ಮುದ್ರೆಯೇ ಮಾಡುವುದಾದರೆ ಮನುಷ್ಯನ ಒಳಗೆ ಏನೂ ಬೇಡವೇ? ನಾನು ಡಿ.ವಿ.ಜಿ.ಯವರನ್ನು ತರುತ್ತೇನೆ. 1970ರಲ್ಲಿ ಬೆಂಗಳೂರಿನಲ್ಲಿ ಅವರನ್ನು ಸನ್ಮಾನಿಸಿ ಸುಮಾರು ಒಂದು ಲಕ್ಷ ರೂಪಾಯಿಯ ನಿಧಿ ಒಪ್ಪಿಸಿದರು. ಆ ಕಾಲದ ಒಂದು ಲಕ್ಷ. ಬರವಣಿಗೆಯಿಂದ ಬದುಕಿದ ಮನುಷ್ಯನ ಕೈಗೆ. ಅದನ್ನು ಅವರು ಇಡಿಯಾಗಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟರು. ಇಟ್ಟುಕೊಂಡಿದ್ದರೆ ಯಾವ ಕಾಯ್ದೆ ಮುರಿಯುತ್ತಿತ್ತು? ಯಾವ ಇನ್ಸ್‌ಪೆಕ್ಟರು ಬಂದು ತೂಗುತ್ತಿದ್ದರು? ಅದು ಅವರ ಹಣವೇ. ಇದಕ್ಕೆ ಯಾವ ಸೀಸದ ಮುದ್ರೆ ಹಾಕುತ್ತೀರಿ ಹೇಳಿ ಅಂದೆ.

ಸಾಹೇಬರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂಥವರು ಎಷ್ಟು ಜನ ಸಿಕ್ಕಾರು ಮೇಷ್ಟ್ರೇ? ಅವರನ್ನ ನಂಬ್ಕೊಂಡು ಪಂಚಾಯಿತಿ ನಡೆಸೋಕಾಗುತ್ತಾ?” ಅಂದರು.

ಆಗದು. ಅಲ್ಲಿಗೆ ನನಗೂ ಒಂದು ತೀರ್ಮಾನ ಸಿಕ್ಕಿತು. ಡಿ.ವಿ.ಜಿ.ಯವರ ಜಾತಿಯ ಪ್ರಾಮಾಣಿಕತೆಯನ್ನು ಇನ್ನೊಬ್ಬರಿಂದ ಕೇಳುವ ಹಕ್ಕು ನಮಗಿಲ್ಲ, ನಮ್ಮಿಂದ ನಾವೇ ಕೇಳಿಕೊಳ್ಳಬಹುದು. ಇನ್ನೊಬ್ಬರಿಂದ, ಅದರಲ್ಲೂ ನಮ್ಮ ದುಡ್ಡು ಹಿಡಿದವರಿಂದ, ಕೇಳಬಹುದಾದದ್ದು ಒಂದೇ: ಕೊಳಗ ಇಳಿಸಿ, ಅಳೆಯೋಣ. ನಾವು ಮಾಡುತ್ತಿರುವುದು ತಿರುಗುಮುರುಗು. ಸಾರ್ವಜನಿಕರ ಕೆಲಸದಲ್ಲಿ ಕೂತವರ ಮುಖ ನೋಡಿ, ಮನೆತನ ನೋಡಿ, ಹಣೆಯ ಕುಂಕುಮ ನೋಡಿ ನಂಬುತ್ತೇವೆ. ನಮ್ಮ ಸ್ವಂತ ಮೂಟೆಯ ತಳದ ಗೊರಬಲಿಗೆ ಯಾರಾದರೂ ಬಂದು ಹಿಡಿಯಲಿ ಅಂತ ಕಾಯುತ್ತೇವೆ. ತಪಾಸಣೆಗೆ ಸಿಟ್ಟಾಗುವವನನ್ನು ಸ್ವಾಭಿಮಾನಿ ಅಂತ ಹೊಗಳುವುದನ್ನು ಮೊದಲು ಬಿಡಬೇಕು. “ನನ್ನ ಮೇಲೇ ಅನುಮಾನವಾ?” ಅಂತ ಮೇಜು ಕುಟ್ಟುವವನಿಗಿಂತ, ಸಂತೆಯಲ್ಲಿ ಕೇಳುವ ಮೊದಲೇ ಬಟ್ಟನ್ನು ಮಗುಚಿ ಮುದ್ರೆ ತೋರಿಸುವ ಮೀನಿನ ಹೆಂಗಸಿನ ಮೇಲೆ ನನಗೆ ನಂಬಿಕೆ ಜಾಸ್ತಿ. ಆ ಹೆಂಗಸು ಬೈಯುವುದೂ ಜಾಸ್ತಿ, ಅದು ಬೇರೆ ವಿಷಯ.

ಆದ್ದರಿಂದ ಓದುಗರಲ್ಲಿ ಒಂದು ಸಣ್ಣ ಬಿನ್ನಹ. ಲೋಕಾಯುಕ್ತಕ್ಕೆ ಹೋಗಿ, ಮೆರವಣಿಗೆ ಮಾಡಿ ಅಂತ ಹೇಳುವುದಿಲ್ಲ. ಅಷ್ಟು ಪುರುಸೊತ್ತು ನಿಮಗೂ ಇಲ್ಲ, ನನಗೂ ಇಲ್ಲ. ಪ್ರತಿ ಪೆಟ್ರೋಲ್ ಬಂಕಿನಲ್ಲೂ ಇಲಾಖೆಯ ಮುದ್ರೆಯಿರುವ 5 ಲೀಟರಿನ ಅಳತೆಯ ಪಾತ್ರೆ ಇರಲೇಬೇಕು. ಅದನ್ನು ತರಿಸಿ ನಿಮ್ಮ ಕಣ್ಣೆದುರಿಗೆ ಅಳೆದು ತೋರಿಸಿ ಅಂತ ಕೇಳುವ ಹಕ್ಕು ಯಾವ ಗಿರಾಕಿಗೂ ಇದೆ. ಮುಂದಿನ ಸಲ ಕೇಳಿ. ಬಂಕಿನವರು ಸಿಟ್ಟು ಮಾಡಿಕೊಳ್ಳದೆ ತಂದರೆ ಅಲ್ಲೇ ಗಿರಾಕಿಯಾಗಿ. ನಿಮ್ಮ ಹಿಂದೆ ನಿಂತ ಪ್ರಾಮಾಣಿಕರೆಲ್ಲ ಸೇರಿ ಹಾರನ್ ಹೊಡೆಯುತ್ತಾರೆ. ಹೊಡೆಯಲಿ ಬಿಡಿ.